ಸೀಳಿದ ಮಾವಿನ ಗಿಡಕ್ಕೆ ಕಟ್ಟು: ಸಿದ್ದಾಪುರದ ನರ್ಸರಿಯೊಂದರ ಸೇವೆ

ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕಾಂಡ ಸೀಳಿದ ಎಳೆಯ ಗಿಡವನ್ನು ಕಿತ್ತು ಹೊಸದನ್ನು ನೆಡಿ ಎನ್ನುವವರೇ ಬೆಂಗಳೂರಿನಲ್ಲಿ ಹೆಚ್ಚು. ಲಾಲ್‌ಬಾಗಿಗೆ ಹತ್ತಿರದ ಸಿದ್ದಾಪುರದ ನರ್ಸರಿಗಳ ಪೈಕಿ ಒಂದು, ಮನೆಗೇ ಮಾಲಿಯನ್ನು ಕಳುಹಿಸಿ ಇಂಥ ಗಿಡಕ್ಕೆ ಆರೈಕೆ ಮಾಡಿಸುತ್ತದೆ. ನಮ್ಮ ಅಂಗಳದ ಮಲ್ಲಿಕಾ ಕಸಿ ಮಾವಿಗೆ ಈ ಸೇವೆಯನ್ನು ಪಡೆದೆವು. ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ವ್ಯವಹಾರದ ಅಚ್ಚುಕಟ್ಟಿಗೆ ಅಷ್ಟು ಕೊಡಲಾರೆ.

ಎರಡು ಕವಲುಗಳು ತೀರ ಇಕ್ಕಟ್ಟಾಗಿ ಬೆಳೆದಿದ್ದರಿಂದ ಅವುಗಳ ಸಂದಿನಿಂದ ಕಾಂಡ ಗೇಣುದ್ದ ಸೀಳಿತ್ತು. ಕರೆ ಮಾಡಿದ ಮರುದಿನ ಬೆಳಿಗ್ಗೆಯೇ ಮಾಲಿ ಬಂದರು. ಈ ತ್ವರೆಗೆ ಬೆಲೆಯಿದೆ, ಏಕೆಂದರೆ ತೊಗಟೆಯ ಅಡಿಯಲ್ಲಿ ಹೊಸ ಜೀವಕೋಶಗಳನ್ನು ಹುಟ್ಟಿಸುವ ತೆಳುವಾದ ಪದರ ಒಣಗುವ ಮೊದಲೇ ಎರಡೂ ಬದಿಗಳನ್ನು ಕೂಡಿಸಬೇಕು. ಸೀಳಿದ ಹಳೆಯ ಕಟ್ಟಿಗೆ ಮತ್ತೆ ಒಂದಾಗುವುದಿಲ್ಲ. ಅಂಚುಗಳಿಂದ ಹೊಸದು ಬೆಳೆದು ಅದನ್ನು ಮುಚ್ಚಬೇಕು.

ಅವರು ಮೊದಲು ಭಾರವಾದ ಕವಲಿನ ತುದಿಯನ್ನು ಸವರಿ ಗಾಳಿಯ ಹಿಡಿತವನ್ನು ತಗ್ಗಿಸಿದರು. ಬಳಿಕ ಕಸಿ ಚಾಕುವಿನಿಂದ ಹರಿದ ತೊಗಟೆಯ ಎಳೆಗಳನ್ನಷ್ಟೇ ತೆಗೆದು, ಹಗ್ಗದಿಂದ ಕವಲುಗಳನ್ನು ನಿಧಾನವಾಗಿ ಎಳೆದು ಸೀಳು ಮುಚ್ಚುವಂತೆ ಮಾಡಿ, ಸೈಕಲ್ ಟ್ಯೂಬಿನ ಅಗಲವಾದ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರು. ತಂತಿಯಾಗಿದ್ದರೆ ಕಾಂಡ ದಪ್ಪವಾಗುತ್ತಿದ್ದಂತೆ ತೊಗಟೆಯನ್ನು ಕೊರೆದು ಆಹಾರದ ಹರಿವನ್ನೇ ತಡೆಯುತ್ತಿತ್ತು, ರಬ್ಬರು ಹಿಗ್ಗುತ್ತದೆ. ಸೀಳಿಗೆ ಸಿಮೆಂಟು ತುಂಬಬಾರದೇ ಎಂದು ಕೇಳಿದ್ದಕ್ಕೆ, "ಬೇಡ ಸಾರ್, ನೀರು ಒಳಗೇ ನಿಂತು ಕೊಳೆಯುತ್ತೆ" ಎಂದರು. ಡಾಂಬರನ್ನೂ ಹಚ್ಚಲಿಲ್ಲ. ಸವರಿದ ತುದಿಗಳಿಗೆ ಮಾತ್ರ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಬಳಿದರು. ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋ, ನೀರು 10 ಲೀಟರ್ ಎಂಬ ಅಳತೆಯಲ್ಲಿ ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಅಡಿಕೆ ತೋಟದವರಿಗೆಲ್ಲ ತಿಳಿದಿರುವ ಈ ಪರೀಕ್ಷೆಯನ್ನು ಅವರು ನಮ್ಮೆದುರೇ ಮಾಡಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕೊನೆಗೆ ಸರ್ವೆ ಮರದ ಎರಡು ಗಳುಗಳನ್ನು ನೆಟ್ಟು, ತೆಂಗಿನ ನಾರಿನ ಹಗ್ಗದಿಂದ ಗಿಡ ತುಸು ಅಲುಗಾಡುವಷ್ಟು ಸಡಿಲವಾಗಿ ಕಟ್ಟಿದರು. ಅಲುಗಾಡಿದರೇ ಕಾಂಡ ಬಲಿಯುವುದು.

ಕೊರತೆಗಳೂ ಇವೆ. ಬಿಲ್ಲಿನಲ್ಲಿ ಕೂಲಿ, ಸಾಮಗ್ರಿ, ಓಡಾಟದ ವೆಚ್ಚವನ್ನೆಲ್ಲ ಒಂದೇ ಮೊತ್ತವಾಗಿ ಬರೆದಿದ್ದರು. ಕಟ್ಟನ್ನು ಯಾವಾಗ ಸಡಿಲಿಸಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ಬರೆದು ಕೊಡಲಿಲ್ಲ. ಮಳೆಗಾಲದಲ್ಲಿ ಕಾಂಡ ಬೇಗ ದಪ್ಪವಾಗುವುದರಿಂದ ಇದು ಸಣ್ಣ ಲೋಪವಲ್ಲ. ಒಪ್ಪಿಕೊಂಡಿದ್ದ ಎರಡನೆಯ ಭೇಟಿಗೂ ನಾವೇ ನೆನಪಿಸಬೇಕಾಯಿತು. ಬಂದ ಮೇಲೆ ಮಾತ್ರ ಅದೇ ಮಾಲಿ ಸುತ್ತನ್ನು ಬಿಚ್ಚಿ ನೋಡಿ, ಅಂಚುಗಳಲ್ಲಿ ಹೊಸ ತೊಗಟೆ ಉಬ್ಬಿರುವುದನ್ನು ತೋರಿಸಿ, ಮತ್ತೆ ಹದವಾಗಿ ಕಟ್ಟಿದರು.

ಸೀಳು ಹೊಸದಾಗಿದ್ದು, ತೊಗಟೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಇವರನ್ನು ಧೈರ್ಯವಾಗಿ ಕರೆಯಿಸಬಹುದು. ಪಾದಚಾರಿ ಮಾರ್ಗದ ಗಿಡವಾದರೆ ನರ್ಸರಿಯವರು ಮುಟ್ಟುವುದಿಲ್ಲ. ಅದಕ್ಕೆ ಪಾಲಿಕೆಯ ಅರಣ್ಯ ವಿಭಾಗವನ್ನೇ ಕೇಳಬೇಕು.