ಹಂಪನಕಟ್ಟೆಯ ಮೆಡಿಕಲ್‌ನಲ್ಲಿ ತುರ್ತು ಗರ್ಭನಿರೋಧಕ ಮಾತ್ರೆಯೊಂದಿಗೆ ಸಿಕ್ಕ ತಿಳುವಳಿಕೆ

ತುರ್ತು ಗರ್ಭನಿರೋಧಕ ಮಾತ್ರೆ ಮಂಗಳೂರಿನ ಮೆಡಿಕಲ್‌ಗಳಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತದೆ. ಆದರೆ ಅದನ್ನು ನುಂಗಿದ ಮೇಲೆ ಯಾವ ಸಂದರ್ಭದಲ್ಲಿ ವೈದ್ಯರನ್ನು ಕಾಣಬೇಕೆಂದು ತಿಳಿಸಿ ಕಳುಹಿಸುವ ಅಂಗಡಿಗಳು ವಿರಳ. ಹಂಪನಕಟ್ಟೆಯಲ್ಲಿ ನಾನು ಹೋದ ಅಂಗಡಿ ಅಂಥವುಗಳಲ್ಲಿ ಒಂದು ಎಂಬ ಕಾರಣಕ್ಕೇ ಈ ವಿಮರ್ಶೆ.

ಕೌಂಟರಿನಲ್ಲಿದ್ದ ಮಹಿಳಾ ಫಾರ್ಮಾಸಿಸ್ಟ್ ಪೊಟ್ಟಣವನ್ನು ಕೈಗಿಡುವ ಮೊದಲೇ, ಅಸುರಕ್ಷಿತ ಲೈಂಗಿಕ ಸಂಪರ್ಕವಾಗಿ ಎಷ್ಟು ಹೊತ್ತಾಯಿತು, ಬೇರೆ ಯಾವ ಔಷಧಿ ನಡೆಯುತ್ತಿದೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ ಈ ಒಂದೇ ಮಾತ್ರೆಯನ್ನು ಸಂಪರ್ಕವಾದ 72 ಗಂಟೆಗಳೊಳಗೆ, ಅದರಲ್ಲೂ ಆದಷ್ಟು ಬೇಗ ತೆಗೆದುಕೊಳ್ಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಔಷಧಿಗಳು ಇದರ ಪರಿಣಾಮವನ್ನು ಕುಗ್ಗಿಸುವುದರಿಂದ, ಅವುಗಳನ್ನು ಸೇವಿಸುತ್ತಿರುವವರು ಮೊದಲೇ ವೈದ್ಯರನ್ನು ಕೇಳುವುದು ಒಳಿತು.

“ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ನಾಳೆ ನೋಡೋಣ ಎಂದು ಕೂರಬೇಡಿ ಅಕ್ಕಾ, ಕೂಡಲೇ ಕೇಳಿ, ಇನ್ನೊಂದು ಮಾತ್ರೆ ಬೇಕಾಗಬಹುದು” ಎಂದರು. ವಾಕರಿಕೆ, ತಲೆನೋವು, ಮುಟ್ಟಿಗೆ ಮುಂಚೆ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದು ಸಾಮಾನ್ಯ. ಆದರೆ ನಿರೀಕ್ಷಿತ ದಿನ ಕಳೆದು ವಾರವಾದರೂ ಮುಟ್ಟಾಗದಿದ್ದರೆ, ಅಥವಾ ಆದದ್ದು ಎಂದಿಗಿಂತ ತೀರಾ ಕಡಿಮೆಯಿದ್ದರೆ, ಗರ್ಭಪರೀಕ್ಷೆ ಮಾಡಿಕೊಳ್ಳಲೇಬೇಕು. ಅವರು ಹೆಚ್ಚು ಒತ್ತಿ ಹೇಳಿದ್ದು ಹೊಟ್ಟೆನೋವಿನ ಬಗ್ಗೆ. ಮುಂದಿನ ವಾರಗಳಲ್ಲಿ ಕೆಳಹೊಟ್ಟೆಯಲ್ಲಿ, ಮುಖ್ಯವಾಗಿ ಒಂದೇ ಬದಿಯಲ್ಲಿ, ತೀವ್ರ ನೋವು ಬಂದರೆ ಅಥವಾ ತಲೆಸುತ್ತಿ ಬಿದ್ದರೆ, ಗರ್ಭ ಗರ್ಭಕೋಶದ ಹೊರಗೆ ನಿಂತಿರುವ ಸಾಧ್ಯತೆಯಿದ್ದು, ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಿಪರೀತ ರಕ್ತಸ್ರಾವಕ್ಕೂ ಇದೇ ಮಾತು. ಸರ್ಕಾರಿ ಲೇಡಿಗೋಷನ್ ಹೆರಿಗೆ ಆಸ್ಪತ್ರೆ ಹಂಪನಕಟ್ಟೆಯ ಸಮೀಪದಲ್ಲೇ ಇರುವಾಗ ಸಂಕೋಚದಿಂದ ಮನೆಯಲ್ಲೇ ನೋವು ತಿನ್ನುವುದಕ್ಕೆ ಅರ್ಥವಿಲ್ಲ.

ಮಾತ್ರೆಗಿಂತ ಹೆಚ್ಚು ಪರಿಣಾಮಕಾರಿಯಾದ, ಗರ್ಭಕೋಶದೊಳಗೆ ಇಡುವ ಕಾಪರ್-ಟಿಯನ್ನು ಸಂಪರ್ಕವಾದ ಐದು ದಿನಗಳೊಳಗೆ ವೈದ್ಯರಿಂದ ಹಾಕಿಸಿಕೊಳ್ಳಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ತಮ್ಮ ವ್ಯಾಪಾರಕ್ಕೆ ಲಾಭವಿಲ್ಲದ ಸಲಹೆಯನ್ನು ಕೇಳದೆಯೇ ಕೊಟ್ಟದ್ದು ನನಗೆ ಬಹಳ ದೊಡ್ಡದೆನಿಸಿತು.

ಕೊರತೆಯೆಂದರೆ ಜಾಗದ್ದು. ಸಂಜೆಯ ಹೊತ್ತು ಹಿಂದೆ ನಾಲ್ಕಾರು ಜನ ನಿಂತಿರುವಾಗ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಇಂಥ ಪ್ರಶ್ನೆಗಳಿಗೆ ಬಾಯಿಬಿಟ್ಟು ಉತ್ತರಿಸುವುದು ಕಷ್ಟ. ಪೊಟ್ಟಣದೊಳಗಿನ ಕಾಗದದ ಅಕ್ಷರಗಳಂತೂ ಕಣ್ಣಿಗೆ ಹಿಡಿಸದಷ್ಟು ಸಣ್ಣವು. ಈ ಎಚ್ಚರಿಕೆಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಒಂದು ಚೀಟಿಯಾಗಿ ಅಚ್ಚು ಹಾಕಿಸಿ ಮಾತ್ರೆಯ ಜೊತೆಗೇ ಕೊಡಬೇಕೆಂದು ಅಂಗಡಿಯವರಲ್ಲಿ ನನ್ನ ವಿನಂತಿ.