ಟಾಕೀಸ್, ಮಲ್ಟಿಪ್ಲೆಕ್ಸ್, ಮನೆ ಟಿವಿ: ಅವ್ವನ ಜೊತೆ ಮೂರೂ ನೋಡಿದ ಮೇಲೆ

ಹೋದ ತಿಂಗಳು ಒಂದು ಶನಿವಾರ ಅವ್ವನನ್ನು ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋಗಿ, ಸಿನಿಮಾ ನೋಡದೆ ವಾಪಸ್ ಬಂದೆ. ಮರುದಿನ ಅದೇ ಸಿನಿಮಾವನ್ನು ನಮ್ಮ ಹಳೇ ಟಾಕೀಸಿನ ಬಾಲ್ಕನಿಯಲ್ಲಿ ಕೂತು ನೋಡಿದೆವು. ಆವತ್ತಿಂದ ಇದನ್ನು ಬರೆಯಬೇಕು ಅಂತ ಅನ್ನಿಸುತ್ತಲೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಾಕೀಸಿಗೆ. ದಾವಣಗೆರೆಯಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಸಿನಿಮಾ ನೋಡುತ್ತಿದ್ದೇನೆ. ಗಾಂಧಿ ಕ್ಲಾಸಿನ ಬೆಂಚಿನಿಂದ ಶುರು ಮಾಡಿ ಬಾಲ್ಕನಿಗೆ ಬಂದವನು. ಮಲ್ಟಿಪ್ಲೆಕ್ಸ್ ಬಂದ ಮೇಲೆ ಅಲ್ಲಿಗೂ ಹೋಗಿದ್ದೇನೆ. ಮನೆಯಲ್ಲಿ ದೊಡ್ಡ ಟಿವಿಯೂ ಇದೆ. ಮೂರನ್ನೂ ಸರಿಯಾಗಿ ಬಳಸಿ ನೋಡಿಯೇ ಈ ಮಾತು ಹೇಳುತ್ತಿರುವುದು.

ಮೊದಲು ಆ ಶನಿವಾರದ ಕಥೆ.

ಅದು ಕನ್ನಡ ಸಿನಿಮಾ. ಮಲ್ಟಿಪ್ಲೆಕ್ಸಿನಲ್ಲಿ ಅದಕ್ಕೆ ಕೊಟ್ಟಿದ್ದು ಎರಡೇ ಆಟ. ಒಂದು ಬೆಳಿಗ್ಗೆ ಹತ್ತೂಕಾಲಿಗೆ, ಇನ್ನೊಂದು ರಾತ್ರಿ ಹತ್ತಕ್ಕೆ. ಎಂಬತ್ತರ ಹತ್ತಿರ ಇರುವ ಅವ್ವ ರಾತ್ರಿ ಹತ್ತರ ಆಟಕ್ಕೆ ಹೇಗೆ ಬರುತ್ತಾಳೆ? ಬೆಳಿಗ್ಗೆಯದಕ್ಕೇ ಗುರುವಾರ ಫೋನಿನಲ್ಲಿ ಮೂರು ಟಿಕೆಟ್ ಮಾಡಿದೆ. ಅವ್ವ, ನನ್ನ ಹೆಂಡತಿ, ನಾನು. ಟಿಕೆಟ್ ಒಂದಕ್ಕೆ 210 ರೂಪಾಯಿ, ಅದರ ಮೇಲೆ ಬುಕಿಂಗ್ ಚಾರ್ಜ್ ಬೇರೆ.

ಅವ್ವ ಆವತ್ತು ಬೆಳಿಗ್ಗೆ ಐದಕ್ಕೇ ಎದ್ದಿದ್ದಳು. ಸ್ನಾನ, ಪೂಜೆ ಮುಗಿಸಿ ಇಳಕಲ್ ಸೀರೆ ಉಟ್ಟು, ಹೂವು ಮುಡಿದು ಒಂಬತ್ತಕ್ಕೆಲ್ಲಾ ಬಾಗಿಲಲ್ಲಿ ಕೂತಿದ್ದಳು. ಮಂಡಿ ನೋವು ಅಂತ ಆಟೋ ಮಾಡಿದೆ. ಲಿಫ್ಟಿನಲ್ಲಿ ಮೇಲೆ ಹೋದೆವು. ಬಾಗಿಲಲ್ಲಿ ನಿಂತಿದ್ದ ಹುಡುಗ ನನ್ನ ಫೋನ್ ನೋಡಿ, 'ಸರ್, ಈ ಶೋ ಕ್ಯಾನ್ಸಲ್ ಆಗಿದೆ' ಅಂದ. ಯಾಕಪ್ಪಾ ಅಂದರೆ ಐದೇ ಟಿಕೆಟ್ ಹೋಗಿದ್ದಂತೆ. ಮೆಸೇಜ್ ಕಳಿಸಿದ್ದೇವೆ ಅಂದ. ಹೌದು, ಮೆಸೇಜ್ ಬಂದಿತ್ತು. ನಾವು ಆಟೋದಲ್ಲಿ ಇದ್ದಾಗ, ಆಟ ಶುರುವಾಗಲು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಬಂದಿತ್ತು.

ಬೇರೆ ಭಾಷೆಯ ಸಿನಿಮಾ ಇದೆ, ಅದಕ್ಕೆ ಕೂತುಕೊಳ್ಳಿ ಅಂದ. ಆ ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಹೇಳಿಕೊಟ್ಟದ್ದನ್ನು ಹೇಳಿದ. ಆದರೆ ನನಗೆ ಬೇಕಿದ್ದ ಉತ್ತರ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ದುಡ್ಡು ಕೇಳಿದರೆ ಆ್ಯಪಿನಲ್ಲಿ ಬರುತ್ತದೆ ಅಂತ. ಆ್ಯಪಿನವರನ್ನು ಕೇಳಿದರೆ ಏಳು ದಿನ ಕಾಯಿರಿ ಅಂತ. ಆರನೇ ದಿನ ಟಿಕೆಟ್ ದುಡ್ಡು ಬಂತು. ಬುಕಿಂಗ್ ಚಾರ್ಜ್ ಬರಲಿಲ್ಲ. ಆಟೋಗೆ ಹೋಗಿ ಬರಲು ಕೊಟ್ಟ 160 ರೂಪಾಯಿಯನ್ನಂತೂ ಯಾರು ಕೊಡುತ್ತಾರೆ?

ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅವ್ವನ ಮಾತಿಗೆ. ಮನೆಗೆ ಬಂದು ಸೀರೆ ಮಡಚುತ್ತಾ, 'ಐದು ಜನ ಅಂದ್ರೆ ಜನ ಅಲ್ವೇನಪ್ಪಾ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಮಾತು ಕೇಳಿದ ಕೂಡಲೇ ನನಗೆ ನೆನಪಾಗಿದ್ದು 1992ರ ಮಳೆಗಾಲದ ಒಂದು ಸೆಕೆಂಡ್ ಶೋ. ಜೋರು ಮಳೆ. ನಾನೂ ನನ್ನ ಗೆಳೆಯನೂ ಸೈಕಲ್ ಮೇಲೆ ನೆನೆದುಕೊಂಡೇ ಹೋಗಿದ್ದೆವು. ಇಡೀ ಟಾಕೀಸಿಗೆ ಎಂಟು ಜನ. ಇಬ್ಬರು ಮುಂದಿನ ಬೆಂಚಿನಲ್ಲಿ, ನಾವಿಬ್ಬರೂ ಸೇರಿ ನಾಲ್ವರು ಸೆಕೆಂಡ್ ಕ್ಲಾಸಿನಲ್ಲಿ, ಇಬ್ಬರು ಬಾಲ್ಕನಿಯಲ್ಲಿ. ಆಟ ಹಾಕುವುದಿಲ್ಲ ಅಂದುಕೊಂಡು ಎದ್ದು ನಿಂತೆವು. ಗೇಟ್‌ಕೀಪರ್ ಬ್ಯಾಟರಿ ಬಿಟ್ಟುಕೊಂಡು ಒಳಗೆ ಬಂದ. 'ಟಿಕೆಟ್ ಹರಿದಾತಲ್ಲ, ಆಟ ಹಾಕ್ತೀವಿ. ಎಲ್ಲಾರೂ ಮ್ಯಾಲೆ ಬರ್ರಿ, ಬಾಲ್ಕನ್ಯಾಗೆ ಕುಂತ್ಕಳ್ರಿ' ಅಂದ. ಕೆಳಗಿದ್ದ ಆರೂ ಜನ ಬಾಲ್ಕನಿಗೆ ಹೋದೆವು. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಸಿನಿಮಾ ಪೂರ್ತಿ ತೋರಿಸಿದರು. ಮುಗಿದ ಮೇಲೆ ಗೇಟ್‌ಕೀಪರೂ ನಮ್ಮ ಪಕ್ಕದಲ್ಲೇ ಕೂತು ನೋಡಿದ್ದು ಗೊತ್ತಾಯಿತು.

ಟಾಕೀಸಿನಲ್ಲಿ ಆಟ ನಿಂತಿದ್ದೇ ಇಲ್ಲ ಅಂತ ಹೇಳುವುದಿಲ್ಲ. ಕರೆಂಟ್ ಹೋಗಿ ಜನರೇಟರೂ ಕೈಕೊಟ್ಟರೆ ನಿಲ್ಲುತ್ತಿತ್ತು. ಆಗ ಅಲ್ಲೇ ಕೌಂಟರಿನಲ್ಲಿ ದುಡ್ಡು ವಾಪಸ್ ಕೊಡುತ್ತಿದ್ದರು. ಇಲ್ಲವೇ ಆ ಅರ್ಧ ಟಿಕೆಟ್ ಇಟ್ಟುಕೊಂಡು ನಾಳೆ ಬರ್ರಿ ಅನ್ನುತ್ತಿದ್ದರು. ಮಾತಾಡಲು ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ಈಗಲೂ ಇದ್ದಾನೆ.

ಇನ್ನು ಚಿತ್ರ, ಸೌಂಡ್. ಇದರಲ್ಲಿ ಮಲ್ಟಿಪ್ಲೆಕ್ಸೇ ಮುಂದೆ. ಒಪ್ಪಿಕೊಳ್ಳುತ್ತೇನೆ.

ಆದರೆ ನನಗೆ ಒಂದು ಅನುಭವ ಇದೆ. 'ನಾಗರಹಾವು' ಸಿನಿಮಾವನ್ನು ಎರಡೂ ಕಡೆ ನೋಡಿದ್ದೇನೆ. ಅದು 1972ರದ್ದು, ಚಿತ್ರದುರ್ಗದ ಕೋಟೆಯಲ್ಲಿ ತೆಗೆದದ್ದು. ನಮ್ಮಲ್ಲಿ ಅದು ಮತ್ತೆ ಮತ್ತೆ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನ ಜೊತೆ ಮ್ಯಾಟ್ನಿಗೆ ಹೋಗಿ ನೋಡಿದೆ. ಪ್ರಿಂಟ್ ಸವೆದು ಹೋಗಿತ್ತು. ತೆರೆ ತುಂಬಾ ಮಳೆ ಬಂದ ಹಾಗೆ ಗೆರೆ. ಮಧ್ಯೆ ಎರಡು ಸಲ ರೀಲು ಹರಿಯಿತು. ಆದರೂ ತೆರೆಯ ಮೇಲೆ ಕೋಟೆ ಬಂದಾಗ ಇಡೀ ಟಾಕೀಸ್ ಎದ್ದಿತು. ಆಗ ನಾವೂ ಚಿತ್ರದುರ್ಗ ಜಿಲ್ಲೆಯವರೇ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅವ್ವನ ತವರು ದುರ್ಗವೇ. ಜಯಂತಿಯವರು ಓಬವ್ವನಾಗಿ ಒನಕೆ ಹಿಡಿದಾಗ, ಅವ್ವ ನನ್ನ ಕೈ ಹಿಡಿದು, 'ಅಗಾ, ಅದೇ ಕಿಂಡಿ, ಹೋದ ವರ್ಷ ತೋರ್ಸಿದ್ನಲ್ಲ' ಅಂದಳು. ಪಕ್ಕದ ಸಾಲಿನ ಹೆಂಗಸರೂ ಅದನ್ನೇ ಹೇಳುತ್ತಿದ್ದರು.

2018ರಲ್ಲಿ ಅದೇ ಸಿನಿಮಾ ಡಿಜಿಟಲ್ ಆಗಿ ಮತ್ತೆ ಬಂತು. ಬೆಂಗಳೂರಿಗೆ ಅಣ್ಣನ ಮನೆಗೆ ಹೋಗಿದ್ದವನು ಅಲ್ಲೇ ಒಂದು ಮಲ್ಟಿಪ್ಲೆಕ್ಸಿನಲ್ಲಿ ನೋಡಿದೆ. ಬಣ್ಣ ಎಷ್ಟು ಚೆನ್ನಾಗಿತ್ತು ಅಂದರೆ ಬಂಡೆಯ ಒಂದೊಂದು ಬಿರುಕೂ ಕಾಣುತ್ತಿತ್ತು. ಮಾಡಿದವರಿಗೆ ಕೈಮುಗಿಯಬೇಕು. ಆದರೆ ಕೋಟೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ಕಿಂಡಿ ಬಂದಾಗ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿದ್ದವರು ಫೋನ್ ನೋಡುತ್ತಿದ್ದರು.

ರೀಲು ಅಂದೆನಲ್ಲ, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ಗೆಳೆಯನ ಚಿಕ್ಕಪ್ಪ ಆಪರೇಟರ್ ಆಗಿದ್ದರು. ಹಾಗಾಗಿ ಪ್ರೊಜೆಕ್ಟರ್ ರೂಮಿಗೆ ಹೋಗುವ ಭಾಗ್ಯ ನಮಗಿತ್ತು. ಒಳಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತ ಹಾಗೆ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹತ್ತಿಸಿ, ಆ ಬೆಳಕಲ್ಲಿ ಸಿನಿಮಾ ಬಿಡುತ್ತಿದ್ದರು. ಕಡ್ಡಿ ಉರಿದು ಗಿಡ್ಡ ಆದ ಹಾಗೆ ಹತ್ತಿರ ತರುತ್ತಾ ಇರಬೇಕು. ಮರೆತರೆ ತೆರೆ ಮಂಕಾಗುತ್ತಿತ್ತು, ಕೆಳಗಿಂದ ಶಿಳ್ಳೆ ಬೀಳುತ್ತಿತ್ತು. ಸಾವಿರ ಅಡಿ ಫಿಲ್ಮ್ ಓಡಿದರೆ ಸುಮಾರು 11 ನಿಮಿಷ. ರೀಲು ಮುಗಿಯುತ್ತಾ ಬಂದಾಗ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿದರೆ ಇನ್ನೊಂದು ಮೆಷಿನ್ ಶುರು ಮಾಡಬೇಕು. ಮತ್ತೊಂದು ಚುಕ್ಕೆ ಬಂದ ಕೂಡಲೇ ಚಿತ್ರವನ್ನು ಆ ಮೆಷಿನ್ನಿಗೆ ಬದಲಾಯಿಸಬೇಕು. ಚಿಕ್ಕಪ್ಪ ಆ ಚುಕ್ಕೆ ತಪ್ಪಿಸಿದ್ದನ್ನು ನಾನು ನೋಡಿಲ್ಲ.

ಹೊಸ ಸಿನಿಮಾ ಬಂದಾಗ ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸುತ್ತಿದ್ದುದೂ ಉಂಟು. ಅಲ್ಲಿ ಮುಗಿದ ರೀಲನ್ನು ಒಬ್ಬ ಹುಡುಗ ಸೈಕಲ್ ಮೇಲೆ ಇಲ್ಲಿಗೆ ತರುತ್ತಿದ್ದ. ದಾರಿಯಲ್ಲಿ ರೈಲ್ವೆ ಗೇಟ್ ಬಿದ್ದರೆ ನಾವು ಕಾಯಬೇಕಿತ್ತು. ಅವನು ಬೆವರು ಸುರಿಸಿಕೊಂಡು ಒಳಗೆ ಬಂದಾಗ ಜನ ಹೀರೋಗೆ ಹೊಡೆದಷ್ಟೇ ಚಪ್ಪಾಳೆ ಹೊಡೆದದ್ದು ನೆನಪಿದೆ. ಈಗ ಟಾಕೀಸಿನಲ್ಲೂ ಡಿಜಿಟಲ್ಲೇ. ರೀಲು ಇಲ್ಲ, ಹರಿಯುವ ಭಯವೂ ಇಲ್ಲ.

ಸೌಂಡ್ ವಿಷಯಕ್ಕೆ ಅವ್ವನದು ಬೇರೆ ಲೆಕ್ಕ. ಮಲ್ಟಿಪ್ಲೆಕ್ಸಿನಲ್ಲಿ ಫೈಟ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾಳೆ. ಎಸಿ ಚಳಿಗೆ ಶಾಲು ಬೇಕು. ಟಾಕೀಸಿನಲ್ಲಿ ಫ್ಯಾನ್ ಸಾಕು ಅವಳಿಗೆ. ಬೇಸಿಗೆಯಲ್ಲಿ ನನಗೆ ಸಾಕಾಗುವುದಿಲ್ಲ, ಅದು ನಿಜ.

ಸೀಟು: ಮಲ್ಟಿಪ್ಲೆಕ್ಸ್ ಮೆತ್ತಗೆ. ಟಾಯ್ಲೆಟ್: ಅಲ್ಲಿಯದೇ ಚೆನ್ನ, ಟಾಕೀಸಿನವರು ಇದನ್ನು ಸರಿ ಮಾಡಲೇಬೇಕು. ಹೆಂಗಸರು ಟಾಕೀಸಿಗೆ ಬರುವುದು ಕಡಿಮೆಯಾಗಲು ಇದೂ ಒಂದು ಕಾರಣ ಅಂತ ನನ್ನ ಹೆಂಡತಿ ಪ್ರತಿ ಸಲವೂ ಹೇಳುತ್ತಾಳೆ. ಅವಳ ಮಾತು ಸರಿ. ಮೆಟ್ಟಿಲು: ಬಾಲ್ಕನಿಗೆ ಇಪ್ಪತ್ತೆರಡು ಇವೆ. ಅವ್ವ ಮಧ್ಯೆ ಒಂದು ಸಲ ನಿಂತು ಹತ್ತುತ್ತಾಳೆ.

ತಿನ್ನೋದರ ವಿಷಯದಲ್ಲಿ ನಾನು ರಾಜಿ ಆಗುವವನಲ್ಲ. ಇಂಟರ್ವಲ್ ಅಂದರೆ ಮಂಡಕ್ಕಿ, ಮೆಣಸಿನಕಾಯಿ. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಊರು ನಮ್ಮದು. ಟಾಕೀಸಿನ ಕಾಂಪೌಂಡಿನಲ್ಲೇ ಒಂದು ಗಾಡಿ ಇದೆ. ಬಿಸಿ ಎಣ್ಣೆಯಿಂದ ಮೆಣಸಿನಕಾಯಿ ತೆಗೆದು, ಪೇಪರಿನಲ್ಲಿ ಖಾರ ಮಂಡಕ್ಕಿ ಜೊತೆ ಸುತ್ತಿ ಕೊಡುತ್ತಾರೆ. ಅವ್ವನಿಗೆ ಈಗ ಖಾರ ಆಗುವುದಿಲ್ಲ, ಅವಳಿಗೆ ನರ್ಗಿಸ್ ಮಂಡಕ್ಕಿ. ಮೂರೂ ಜನ ತಿಂದು ಚಾ ಕುಡಿದರೆ ನೂರಿಪ್ಪತ್ತು ರೂಪಾಯಿ ದಾಟುವುದಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಒಂದು ಸಲ ಅವ್ವನ ಚೀಲದಿಂದ ಮಂಡಕ್ಕಿ ಪೊಟ್ಟಣವನ್ನು ಬಾಗಿಲಲ್ಲೇ ತೆಗೆದಿಡಿಸಿದರು. ಒಳಗೆ ಒಂದು ಪಾಪ್‌ಕಾರ್ನ್ ಡಬ್ಬಕ್ಕೆ ನಮ್ಮ ಮೂವರ ಮಂಡಕ್ಕಿ, ಚಾ ಸೇರಿದ್ದಕ್ಕಿಂತ ಡಬಲ್ ಕೊಟ್ಟೆ. ಉಪ್ಪು ಜಾಸ್ತಿ ಅಂತ ಅವ್ವ ಮುಟ್ಟಲಿಲ್ಲ.

ಮನೆ ಟಿವಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಗಳು ಓಟಿಟಿ ಹಾಕಿಸಿಕೊಟ್ಟಿದ್ದಾಳೆ. ವರ್ಷದಲ್ಲಿ ಮೂವತ್ತು ಸಿನಿಮಾ ಶುರು ಮಾಡಿರಬಹುದು, ಐದಾರು ಮುಗಿಸಿರಬಹುದು. ಗ್ಯಾಸಿನವನು ಬರುತ್ತಾನೆ, ಫೋನ್ ಬರುತ್ತದೆ, ಕುಕ್ಕರ್ ಕೂಗುತ್ತದೆ. ಅವ್ವನಿಗೆ ಅದು ಸಿನಿಮಾ ಅಂತಲೇ ಅನ್ನಿಸುವುದಿಲ್ಲ.

ನಾಟಕದ ಕಂಪನಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಅದರ ಮುಂದೆ ಯಾವುದನ್ನೂ ಇಡಲು ನನಗೆ ಮನಸ್ಸಿಲ್ಲ. ರಂಗನಟಿ ಚಿಂದೋಡಿ ಲೀಲಾ ಅವರ ಕಂಪನಿಯ ಊರು ಇದು. ದುರ್ಗಾಂಬಿಕೆ ಜಾತ್ರೆ ಬಂದ ವರ್ಷ ಕಂಪನಿ ಕ್ಯಾಂಪ್ ಹಾಕಿದರೆ ನಾವು ಸಿನಿಮಾ ಬಿಟ್ಟು ಅಲ್ಲಿಗೇ ಹೋಗುತ್ತೇವೆ.

ಕೊನೆಗೆ ದುಡ್ಡು. ನಾವು ತಿಂಗಳಿಗೆ ಒಂದು ಸಿನಿಮಾ, ಕೆಲವು ಸಲ ಎರಡು ನೋಡುವವರು. ಟಾಕೀಸಿನ ಬಾಲ್ಕನಿ 120 ರೂಪಾಯಿ, ಕೆಳಗೆ 100. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ, ಅದರ ಮೇಲಿನದಕ್ಕೆ ಶೇ 18 ಹಾಗೇ ಇದೆ. ಟಾಕೀಸಿನ ಕೆಳಗಿನ ಸೀಟಿಗೆ ಇದು ಅನುಕೂಲ. ಮಲ್ಟಿಪ್ಲೆಕ್ಸಿನಲ್ಲೂ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಅದೇ ತಿಂಗಳು ಸರ್ಕಾರ ನಿಯಮ ತಂದಾಗ ತುಂಬಾ ಖುಷಿ ಆಗಿತ್ತು. ಕೆಲವೇ ದಿನಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಬಾಲ್ಕನಿಯಲ್ಲಿ ಮೂವರು ಕೂತು, ಮಂಡಕ್ಕಿ ತಿಂದು, ಬೈಕು ಸ್ಟ್ಯಾಂಡಿಗೆ ಕೊಟ್ಟು ಬಂದರೂ 500 ರೂಪಾಯಿಯ ನೋಟೊಂದರಲ್ಲಿ ಮುಗಿಯುತ್ತದೆ. ಅವ್ವನ ಆಟೋ ಬೇರೆ. ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ಟಿಗೇ ಅದು ಸಾಲುವುದಿಲ್ಲ.

ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಇಂಗ್ಲಿಷ್ ಕಾರ್ಟೂನ್ ಸಿನಿಮಾ ನೋಡಬೇಕು ಅಂದರೆ ಮಲ್ಟಿಪ್ಲೆಕ್ಸಿಗೆ ಹೋಗಿ, ಚೆನ್ನಾಗಿರುತ್ತದೆ. ವಯಸ್ಸಾದವರ ಜೊತೆ ಕನ್ನಡ ಸಿನಿಮಾಕ್ಕೆ ಹೋಗುವವರಾದರೆ ಭಾನುವಾರದ ಮ್ಯಾಟ್ನಿಗೆ ಟಾಕೀಸಿಗೆ ಬನ್ನಿ. ಟಿಕೆಟ್ ಕೌಂಟರಿನಲ್ಲೇ ಸಿಗುತ್ತದೆ, ಅರ್ಧ ಗಂಟೆ ಮುಂಚೆ ಬಂದರೆ ಸಾಕು. ಬಾಲ್ಕನಿಯಲ್ಲಿ ಎಡಗಡೆ ಮೂರನೇ ಸಾಲು ಒಳ್ಳೆಯದು, ಫ್ಯಾನ್ ಸರಿಯಾಗಿ ಬೀಸುತ್ತದೆ.

ಆ ಭಾನುವಾರ ನಾವು ಕೂತಿದ್ದು ಅಲ್ಲೇ. ಬಾಲ್ಕನಿಯಲ್ಲಿ ಇಪ್ಪತ್ತು ಜನ ಇರಬಹುದು. ಅವ್ವ ಅದೇ ಇಳಕಲ್ ಸೀರೆ ಮತ್ತೆ ಉಟ್ಟಿದ್ದಳು. ದೀಪ ಆರುವ ಮುಂಚೆ ಹಿಂದಕ್ಕೆ ತಿರುಗಿ ಒಂದು ಸಲ ಎಲ್ಲರನ್ನೂ ಎಣಿಸಿದಳು.