ಆಸ್ಟ್ರೇಲಿಯಾಕ್ಕೆ ಕಾಫಿ ಪುಡಿ ಕಳಿಸ್ತೀರಾ? ಪಕ್ಕದ ಪೆಟ್ಟಿಗೆ ಯಾರದ್ದು ಅಂತ ಮೊದಲು ಕೇಳಿ

ಕೊಡಗಿನಿಂದ ಆಸ್ಟ್ರೇಲಿಯಾಕ್ಕೋ ನ್ಯೂಜಿಲೆಂಡಿಗೋ ಹಡಗಿನಲ್ಲಿ ಸಣ್ಣ ಲೋಡ್ ಕಳಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಫಿ ಪುಡಿ, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ), ಹೋಂಮೇಡ್ ಚಾಕೊಲೇಟ್, ಏನೇ ಇರಲಿ. ಅದರಲ್ಲೂ ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರ ಒಳಗೆ ಕಳಿಸುವವರು ಪೂರ್ತಿ ಓದಿ. ನಮ್ಮ ಕೈಲ್ ಮುಹೂರ್ತದ ಹೊತ್ತಿಗೆ ಶುರುವಾಗಿ ಬಿಸು ಕಳೆದರೂ ಮುಗಿಯದ ಈ ಎಂಟು ತಿಂಗಳು ಆ ಎರಡೂ ದೇಶಗಳಿಗೆ ಸ್ಟಿಂಕ್ ಬಗ್ ಸೀಸನ್, ಅಂದರೆ ಸರಕಿನಲ್ಲಿ ಅಡಗಿ ಬರುವ ಒಂದು ಬೆಳೆ ಹಾಳು ಮಾಡುವ ಹುಳಕ್ಕೆ ಅವರು ಹೆದರುವ ಕಾಲ.

ನಮ್ಮ ಸರಕಿನಲ್ಲಿ ಹುಳು ಇರಲಿಲ್ಲ. ಕಾಗದಪತ್ರದಲ್ಲಿ ತಪ್ಪಿರಲಿಲ್ಲ. ಆದರೂ ಗ್ಯಾಸ್ ಕುಡಿದದ್ದು ನಮ್ಮ ಕಾಫಿ.

ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಚಿಕ್ಕ ರೋಸ್ಟಿಂಗ್ ಘಟಕ ಇದೆ. ಮೆಲ್ಬರ್ನ್‌ನಲ್ಲಿರುವ ಚಿಕ್ಕಮ್ಮನ ಮಗ ಅಲ್ಲಿ ನಮ್ಮ ಕಡೆಯ ತಿಂಡಿ, ಸಾಮಾನು ಮಾರುತ್ತಾನೆ. ಹುತ್ತರಿಗೆ ಅಲ್ಲಿರುವ ನಮ್ಮವರೆಲ್ಲ ಒಟ್ಟು ಸೇರುತ್ತಾರೆ, ಆಗಲೇ ಅವನಿಗೆ ವ್ಯಾಪಾರ. ಹಾಗಾಗಿ ಪ್ಯಾಕೆಟ್ ಮಾಡಿದ ಕಾಫಿ ಪುಡಿ ಮತ್ತು ಕಾಚಂಪುಳಿ ಬಾಟಲಿಗಳನ್ನು ಕೊಚ್ಚಿಯಿಂದ ಎಲ್‌ಸಿಎಲ್‌ನಲ್ಲಿ ಕಳಿಸಿದೆವು. ಗೊತ್ತಿಲ್ಲದವರಿಗೆ: ಇಡೀ ಕಂಟೇನರ್ ತುಂಬುವಷ್ಟು ಸರಕು ಇಲ್ಲದವರ ಪೆಟ್ಟಿಗೆಗಳನ್ನೆಲ್ಲ ಒಂದೇ ಕಂಟೇನರಿಗೆ ಹಾಕುವುದು ಎಲ್‌ಸಿಎಲ್. ಬಾಡಿಗೆ ಸಿಬಿಎಂ (ಘನ ಮೀಟರ್) ಲೆಕ್ಕದಲ್ಲಿ. ಶೇರ್ ಆಟೋ ಇದ್ದ ಹಾಗೆ.

ಬುಕ್ ಮಾಡುವಾಗಲೇ ಏಜೆಂಟನ್ನು ಕೇಳಿದ್ದೆ, ಸ್ಟಿಂಕ್ ಬಗ್ ತೊಂದರೆ ಏನಾದರೂ ಇದೆಯಾ ಎಂದು. "ಟೆನ್ಷನ್ ಬೇಡ ಮೇಡಂ, ಅದಕ್ಕೆ ಫ್ಯೂಮಿಗೇಷನ್ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ" ಎಂದ. ಸರಕಿಗೆ ಗ್ಯಾಸ್ ಹಾಕಿ ಹುಳ ಕೊಂದಿದೆ ಎಂದು ಹೇಳುವ ಕಾಗದ ಅದು. ಅದಕ್ಕೆ ಬೇರೆ ದುಡ್ಡೂ ತೆಗೆದುಕೊಂಡ. ಆಮೇಲೆ ಗೊತ್ತಾಯಿತು, ಈ ಹುಳದ ವಿಷಯದಲ್ಲಿ ಆಸ್ಟ್ರೇಲಿಯಾದವರ ಅಪಾಯದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಇಟಲಿ, ಜರ್ಮನಿ, ಟರ್ಕಿ, ಅಮೆರಿಕ ಇವೆಲ್ಲ ಇವೆ. ಅಂದರೆ ನಮಗೆ ಬೇಡವೇ ಬೇಡದ ಕಾಗದವೊಂದನ್ನು ಆ ಪುಣ್ಯಾತ್ಮ ನಮಗೆ ಮಾರಿದ್ದ. ನಿಜಕ್ಕೂ ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ನಮ್ಮ ಪೆಟ್ಟಿಗೆಗಳನ್ನು ಸಿಂಗಾಪುರದಲ್ಲಿ ಇಳಿಸಿ ಬೇರೆ ಕಂಟೇನರಿಗೆ ತುಂಬುತ್ತಾರೆ, ಅದರಲ್ಲಿ ಯುರೋಪಿನ ಸರಕೂ ಇರುತ್ತದೆ ಎಂಬ ವಿಷಯ. ರೇಟು ಅಷ್ಟು ಕಡಿಮೆ ಇದ್ದದ್ದು ಅದಕ್ಕೇ.

ನಮ್ಮ ಜೊತೆ ಹೋದದ್ದು ಇಟಲಿಯ ಟೈಲ್ಸ್ ಮತ್ತು ಯಾವುದೋ ಮೆಷಿನ್ ಬಿಡಿಭಾಗ. ಎರಡೂ ಅವರ ಪಟ್ಟಿಯಲ್ಲಿ ಹೆಚ್ಚು ಅಪಾಯದ ಸರಕು. ಟೈಲ್ಸಿಗೂ ಹುಳಕ್ಕೂ ಏನು ಸಂಬಂಧ ಅಂತ ನನಗೂ ಮೊದಲು ಅನಿಸಿತ್ತು. ವಿಷಯ ಇಷ್ಟೇ. ಈ ಕಂದು ಸ್ಟಿಂಕ್ ಬಗ್ ಮೂಲತಃ ಚೀನಾ, ಜಪಾನ್, ಕೊರಿಯಾ ಕಡೆಯದು. ನಮ್ಮ ಗದ್ದೆಯ ಗಂಧಿ ತಿಗಣೆಯ ದೂರದ ನೆಂಟ. ಹಣ್ಣು, ತರಕಾರಿ, ಕಾಳು ಎಲ್ಲದರ ರಸ ಹೀರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1990ರ ದಶಕದ ಕೊನೆಗೆ ಕಾಣಿಸಿಕೊಂಡು ಅಲ್ಲಿನ ಸೇಬಿನ ತೋಟಗಳನ್ನು ಹಾಳು ಮಾಡಿತು. ಇಟಲಿಯಲ್ಲಿ 2012ರಲ್ಲಿ ಸಿಕ್ಕಿತು. ಚಳಿ ಶುರುವಾಗುತ್ತಿದ್ದಂತೆ ಗುಂಪುಗುಂಪಾಗಿ ಸಂದಿಗೊಂದಿ ಹುಡುಕಿಕೊಂಡು ಹೋಗಿ ಅಡಗಿಕೊಳ್ಳುತ್ತದೆ. ಗೋದಾಮಿನ ಟೈಲ್ಸ್ ಕಟ್ಟು, ಕಾರಿನ ಬಾನೆಟ್, ಮೆಷಿನ್ ಒಳಗೆ, ಎಲ್ಲೆಂದರಲ್ಲಿ. ಹಾಗೆ ಹಡಗು ಹತ್ತಿ ಅಲ್ಲಿನ ಬೇಸಿಗೆಗೆ ಎಚ್ಚರವಾದರೆ ಮುಗೀತು. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳಲ್ಲಿ ಈ ಹುಳ ಸಿಕ್ಕಿತೆಂದು ನ್ಯೂಜಿಲೆಂಡ್ ಹಡಗುಗಳನ್ನೇ ವಾಪಸ್ ಕಳಿಸಿತ್ತು.

ಆ ಅಧಿಕಾರಿಗಳನ್ನು ಬೈಯಲು ನನಗೆ ಮನಸ್ಸಿಲ್ಲ. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಕಂಡ ಬೆರಿ ಬೋರರ್, ಕಾಫಿ ಹಣ್ಣು ಕೊರೆಯುವ ಹುಳ, ಆಮೇಲೆ ನಮ್ಮ ತೋಟಗಳಲ್ಲಿ ಏನು ಮಾಡಿತು ಅಂತ ಕೊಡಗಿನವರಿಗೆ ಹೇಳಬೇಕಾ? ಅದೂ ಹೊರಗಿನಿಂದ ಬಂದದ್ದೇ. ಇವತ್ತಿಗೂ ಉದುರಿದ ಹಣ್ಣು ಹೆಕ್ಕಿಸುತ್ತಾ, ಟ್ರ್ಯಾಪ್ ಕಟ್ಟಿಸುತ್ತಾ ಕೂತಿದ್ದೇವೆ, ಅಲ್ವಾ. ಸಿಟ್ಟಿರುವುದು ಏಜೆಂಟನ ಮೇಲೆ.

ಟೈಲ್ಸಿನವರು ಇಟಲಿಯಲ್ಲೇ ಹುಳ ಕೊಲ್ಲುವ ಟ್ರೀಟ್‌ಮೆಂಟ್ ಮಾಡಿಸಿದ್ದರಂತೆ. ಆದರೆ ಮಾಡಿದವರು ಆಸ್ಟ್ರೇಲಿಯಾ ಒಪ್ಪಿದ ಪಟ್ಟಿಯಲ್ಲಿ ಇರಲಿಲ್ಲ. ಹಾಗಾದರೆ ಆ ಸರ್ಟಿಫಿಕೇಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಂಟೇನರ್ ಮೆಲ್ಬರ್ನ್‌ನಲ್ಲಿ ನಿಂತಿತು. ಟ್ರೀಟ್‌ಮೆಂಟ್ ಮಾಡಿಸಿ, ಇಲ್ಲ ವಾಪಸ್ ಕಳಿಸಿ, ಇಲ್ಲ ನಾಶ ಮಾಡಿ. ಮೂರೇ ದಾರಿ.

"ನಮ್ಮ ಪೆಟ್ಟಿಗೆ ಮಾತ್ರ ಹೊರಗೆ ತೆಗೆಸೋಕೆ ಆಗಲ್ವಾ?" ಎಂದು ತಮ್ಮನನ್ನು ಕೇಳಿದೆ.

"ಇಲ್ಲ ಅಕ್ಕ, ಟ್ರೀಟ್‌ಮೆಂಟ್ ಆಗೋ ತನಕ ಬಾಗಿಲೇ ತೆಗೆಯಂಗಿಲ್ಲ ಅಂತಾರೆ."

ಬಾಗಿಲು ತೆಗೆದರೆ ಹುಳ ಹಾರಿ ಹೋಗುತ್ತದೆ. ಯೋಚಿಸಿದರೆ ಸರಿಯೇ. ಶಾಖ ಕೊಟ್ಟು ಕೊಲ್ಲುವ ದಾರಿಯೂ ಇದೆ, 56 ಡಿಗ್ರಿಯಲ್ಲಿ 30 ನಿಮಿಷ. ಆದರೆ ಯಾವುದು ಮಾಡಬೇಕೆಂದು ತೀರ್ಮಾನಿಸುವುದು ಕಂಟೇನರ್ ತುಂಬಿಸಿದವರು. ನಮ್ಮನ್ನು ಯಾರೂ ಕೇಳಲಿಲ್ಲ. ಮೀಥೈಲ್ ಬ್ರೋಮೈಡ್ ಎಂಬ ವಿಷದ ಗ್ಯಾಸ್ ಹಾಕಿದರು.

ಸೀಲ್ ಮಾಡಿದ ಗಾಜಿನ ಬಾಟಲಿಯಲ್ಲಿದ್ದ ಕಾಚಂಪುಳಿ ಬಚಾವಾಯಿತು. ಕಾಫಿ ಪ್ಯಾಕೆಟ್ಟಿನ ವಾಲ್ವ್ ಒಳಗಿನ ಗಾಳಿಯನ್ನು ಹೊರಗೆ ಬಿಡುತ್ತದೆ, ಹೊರಗಿನದನ್ನು ಒಳಗೆ ಬಿಡಬಾರದು. ಆದರೂ ವಿಷದ ಗ್ಯಾಸಿನಲ್ಲಿ ಇದ್ದ ಪುಡಿಯನ್ನು ಮನೆಯವರಂತೆ ನಂಬಿ ಬರುವ ಗಿರಾಕಿಗೆ ಹೇಗೆ ಕೊಡುವುದು? ತಮ್ಮ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಕಾಫಿಯನ್ನೆಲ್ಲ ಎಸೆದ. ಕಾಚಂಪುಳಿ ಕೈಗೆ ಬರುವಾಗ ಹುತ್ತರಿ ಮುಗಿದಿತ್ತು.

ಇದರ ಮೇಲೆ ಬಿಲ್ಲು ಬಂತು. ಗ್ಯಾಸ್ ಹಾಕಿದ ಖರ್ಚಿನಲ್ಲಿ ನಮ್ಮ ಪಾಲು, ಬಂದರಿನಲ್ಲಿ ನಿಂತ ದಿನಗಳ ಬಾಡಿಗೆ, ಕಂಟೇನರ್ ತಡವಾಗಿ ವಾಪಸ್ ಕೊಟ್ಟದ್ದಕ್ಕೆ ಇನ್ನೊಂದು. ವಿಮೆ ಇತ್ತಲ್ಲ ಅಂತೀರಾ? ಸಾಮಾನ್ಯವಾಗಿ ಸಮುದ್ರ ವಿಮೆಯಲ್ಲಿ ತಡವಾದದ್ದರಿಂದ ಆದ ನಷ್ಟಕ್ಕೆ ಏನೂ ಸಿಗುವುದಿಲ್ಲ. ಪಾಲಿಸಿಯ ಸಣ್ಣಕ್ಷರದಲ್ಲಿ ಅದು ಇದ್ದೇ ಇರುತ್ತದೆ.

ಹಾಗಾಗಿ ಬುಕ್ ಮಾಡುವ ಮುಂಚೆ ಏಜೆಂಟನಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಕೊಚ್ಚಿ ಅಥವಾ ಮಂಗಳೂರಿನಲ್ಲಿ ಸೀಲ್ ಆದ ಕಂಟೇನರೇ ಕೊನೇ ತನಕ ಹೋಗುತ್ತಾ, ನಡುವೆ ಎಲ್ಲಾದರೂ ಬಿಚ್ಚಿ ತುಂಬುತ್ತಾರಾ? ಬಿಚ್ಚುವುದಾದರೆ ಯಾವ ದೇಶದ ಸರಕು ಸೇರುತ್ತದೆ? ಬೇರೆಯವರ ಸರಕಿನಿಂದ ನಿಂತರೆ ಖರ್ಚು ಯಾರದ್ದು? ಫೋನಿನಲ್ಲಿ ಕೊಟ್ಟ ಮಾತಿಗೆ ಬೆಲೆ ಇಲ್ಲ. ನಿಮ್ಮ ಕೈಗೆ ಬರುವ ಹೌಸ್ ಬಿಲ್‌ನಲ್ಲಿ (ಸರಕು ತೆಗೆದುಕೊಂಡದ್ದಕ್ಕೆ ಕೊಡುವ ಸಾಗಣೆ ಪತ್ರ) ನಿಮ್ಮ ಸರಕು ಮಾತ್ರ ಕಾಣುತ್ತದೆ, ಪಕ್ಕದವರದ್ದು ಕಾಣುವುದಿಲ್ಲ. ಸ್ವಲ್ಪವೇ ಇದ್ದರೆ ವಿಮಾನದಲ್ಲಿ ಕಳಿಸಿ. ದುಬಾರಿ, ಹೌದು. ಈಗ ನಾವು ಹಾಗೇ ಮಾಡುತ್ತಿದ್ದೇವೆ. ಕೆಡದ ಸಾಮಾನನ್ನು ಮೇ ತಿಂಗಳ ಮೇಲೆ ಹಡಗಿಗೆ ಹಾಕುತ್ತೇವೆ.

ಇನ್ನೊಂದು ವಿಷಯ. ಭಾರತದ ಸರಕೆಂದರೆ ಆಸ್ಟ್ರೇಲಿಯಾದವರಿಗೆ ಭಯ ಬೇರೆ ಹುಳದ್ದು, ಖಾಪ್ರಾ ಎಂಬ ಧಾನ್ಯದ ದುಂಬಿಯದ್ದು. 2020ರಿಂದ ಅಕ್ಕಿ, ಕಡಲೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಇಂಥದ್ದನ್ನು ಬ್ಯಾಗಿನಲ್ಲಿ ಒಯ್ಯುವಂತೆಯೂ ಇಲ್ಲ, ಅಂಚೆಯಲ್ಲಿ ಕಳಿಸುವಂತೆಯೂ ಇಲ್ಲ. ಮಗಳಿಗೆ ಅಂತ ಸೂಟ್‌ಕೇಸಿನಲ್ಲಿ ಸಣ್ಣಕ್ಕಿ ತುಂಬಿಸುವ ಅಮ್ಮಂದಿರಿಗೆ ತಿಳಿಸಿ.

ನಮ್ಮ ಏಜೆಂಟ್ ಈಗ ಫೋನ್ ಎತ್ತುವುದಿಲ್ಲ. ಆದರೆ ಈ ಸಲದ ಹುತ್ತರಿಗೆ ಬುಕಿಂಗ್ ತಗೊಳ್ತಾ ಇದ್ದಾನೆ ಅಂತ ಕೇಳಿದೆ, ಅದೇ ಕಡಿಮೆ ರೇಟಿಗೆ, ಅದೇ ಸರ್ಟಿಫಿಕೇಟ್ ಜೊತೆಗೆ.